ಮೊದಲ ಸಲ ಮಷಿನ್ ಪಾಲಿಶ್: ಕಪ್ಪು ಕಾರು, ಆಯುಧಪೂಜೆಗೆ ಮೂರು ವಾರ

ಕಪ್ಪುಕುದುರೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 2017ರ ಕಪ್ಪು ಸೆಡಾನ್. ಎಂಜಿನ್ ಬಗ್ಗೆ ದೂರಿಲ್ಲ, ಸಂಕಟವೆಲ್ಲ ಬಣ್ಣದ್ದು. ನೆರಳಲ್ಲಿ ನಿಲ್ಲಿಸಿದರೆ ಚೆನ್ನಾಗಿಯೇ ಕಾಣುತ್ತದೆ. ಬೆಳಗಿನ ಬಿಸಿಲು ಬಾನೆಟ್ ಮೇಲೆ ಬಿತ್ತೋ, ಜೇಡರ ಬಲೆ ಹಾಸಿದ ಹಾಗೆ ಸುತ್ತ ಸುತ್ತ ಗೀರು.

ಕಾರಣ ಗೊತ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ಹುಡುಗ ಬೆಳಿಗ್ಗೆ ಐದೂವರೆಗೆ ಬರುತ್ತಾನೆ. ಇಪ್ಪತ್ತೆರಡು ಕಾರು, ಒಂದು ಬಕೆಟ್, ಒಂದು ಬಟ್ಟೆ. ಹತ್ತನೇ ಕಾರಿಗೆ ಬರುವಷ್ಟರಲ್ಲಿ ಬಕೆಟ್ಟಿನ ನೀರು ಕಾಫಿ ಬಣ್ಣ. ನಮ್ಮದು ಹದಿನೇಳನೆಯದು. ಅವನನ್ನು ಬೈದು ಏನು ಪ್ರಯೋಜನ? ತಿಂಗಳಿಗೆ ಕೈಗಿಡುವ ದುಡ್ಡಿಗೆ ಅವನು ಇನ್ನೇನು ಮಾಡಬೇಕು?

ಹೋದ ವರ್ಷ ಹತ್ತಿರದ ಒಂದು ವಾಟರ್ ಸರ್ವಿಸ್‌ನಲ್ಲಿ ರಬ್ಬಿಂಗ್ ಪಾಲಿಶ್ ಮಾಡಿಸಿದೆ. ಎರಡು ವಾರ ಕನ್ನಡಿ ಇದ್ದ ಹಾಗಿತ್ತು. ಮೂರು ಸಲ ತೊಳೆದ ಮೇಲೆ ಗೀರೆಲ್ಲ ವಾಪಸ್. ಜೊತೆಗೆ ಹೊಸದೊಂದು ರೋಗ: ಬಿಸಿಲಲ್ಲಿ ನಿಂತು ತಲೆ ಅಲ್ಲಾಡಿಸಿದರೆ ಜೊತೆಗೇ ಅಲ್ಲಾಡುವ ಮಬ್ಬು ಪಟ್ಟೆಗಳು.

ಈ ಸಲ ನಾನೇ ಮಾಡೋಣ ಅಂತ ಪಾಲಿಶಿಂಗ್ ಮಷಿನ್ ತರಿಸಿದ್ದೇನೆ. ಡಬ್ಬ ತೆರೆದು ಒಂದು ವಾರ ಆಯಿತು. ದಿನಾ ಸಂಜೆ ಎತ್ತಿ ನೋಡಿ ಮತ್ತೆ ಡಬ್ಬದಲ್ಲಿ ಇಡುತ್ತೇನೆ. ಧೈರ್ಯ ಬರುತ್ತಿಲ್ಲ. ಬಣ್ಣ ಸುಟ್ಟುಹೋದರೆ ಮನೆಯಲ್ಲಿ ಕೇಳಬೇಕಾದ ಮಾತು ನೆನೆಸಿಕೊಂಡರೇ ಸುಸ್ತು. ಎಲ್ಲಿಂದ ಶುರು ಮಾಡಲಿ?

ಟಿಂಕರ್ಮಾವ (ದಾವಣಗೆರೆ)

ಮೊದಲು ಒಂದು ಪ್ರಶ್ನೆ. ಮಷಿನ್ ರೋಟರಿಯಾ, ಡಿಎನಾ (ಡ್ಯುಯಲ್ ಆಕ್ಷನ್, ತಿರುಗುತ್ತಾ ಓಲಾಡುವುದು)?

ಮೂವತ್ತು ವರ್ಷ ಟಿಂಕರಿಂಗ್ ಪೇಂಟಿಂಗ್ ಮಾಡಿದವನು ನಾನು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಇಲ್ಲಿ ಬಂದು ಕೂತಿದ್ದೇನೆ. ನಿಮ್ಮ ಆ ಅಲ್ಲಾಡುವ ಪಟ್ಟೆಗಳಿಗೆ ಹಾಲೋಗ್ರಾಂ ಅನ್ನುತ್ತಾರೆ. ರೋಟರಿಗೆ ಉಣ್ಣೆ ಪ್ಯಾಡ್ ಹಾಕಿ, ಒರಟು ಕಾಂಪೌಂಡ್, ಅಂದರೆ ಕೆರೆಯುವ ಪೇಸ್ಟ್, ಹಚ್ಚಿ ಓಡಿಸಿ, ಆಮೇಲೆ ನಯ ಮಾಡುವ ಹಂತ ಬಿಟ್ಟಿದ್ದಾರೆ. ಬಿಟ್ಟಿದ್ದು ಕಾಣಬಾರದು ಅಂತ ಎಣ್ಣೆಯಂಥ ಪಾಲಿಶ್ ಮೇಲೆ ಬಳಿದಿದ್ದಾರೆ. ಅದು ಗೀರಿನೊಳಗೆ ತುಂಬಿಕೊಂಡು ಮುಚ್ಚುತ್ತದೆ. ಶಾಂಪೂ ಹಾಕಿ ತೊಳೆದರೆ ಹೋಗುತ್ತದೆ. ನಿಮಗೆ ಎರಡು ವಾರ ಬಾಳಿಕೆ ಬಂದಿದೆ, ಅದೇ ಹೆಚ್ಚು.

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್. ಕಂಪನಿಯಿಂದ ಬಂದ ಕಾರಿನಲ್ಲಿ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಒಂದೇ ನೋಡಿದರೆ 35ರಿಂದ 50 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ನಿಮ್ಮ ಕಾರಿನ ಹೊಳಪೆಲ್ಲ ಒಂದು ಕೂದಲಿಗಿಂತ ತೆಳುವಾದ ಪದರದಲ್ಲಿದೆ.

ನೀವು ನೋಡುತ್ತಿರುವ ಗೀರು ಇರುವುದು ಆ ಕ್ಲಿಯರ್‌ನ ಮೇಲ್ಮೈಯಲ್ಲಿ. ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಗೀರಿನ ಸುತ್ತಲಿನ ಮಟ್ಟವನ್ನೇ ಅದರ ತಳದವರೆಗೆ ಇಳಿಸುವುದು. ಹೊಲದಲ್ಲಿ ಒಂದು ಗುಂಡಿ ಇದೆ, ಮಣ್ಣು ತಂದು ತುಂಬಲು ಆಗಲ್ಲ, ಹಾಗಾಗಿ ಇಡೀ ಹೊಲವನ್ನೇ ಕೆರೆದು ಸಮ ಮಾಡುತ್ತೀರಿ. ಕೆರೆದ ಮಣ್ಣು ವಾಪಸ್ ಬರಲ್ಲ. ಒಂದು ಸಲಕ್ಕೆ ಹೋಗುವುದು ಒಂದೆರಡು ಮೈಕ್ರಾನ್, ಹಠ ಮಾಡಿದರೆ ಜಾಸ್ತಿ. ಬಿಸಿಲನ್ನು ತಡೆಯುವ ಶಕ್ತಿಯೂ ಆ ಕ್ಲಿಯರ್‌ನಲ್ಲೇ ಇರುವುದು. ತೀರಾ ತೆಳುವಾದರೆ ಕೆಲವು ವರ್ಷಕ್ಕೆ ಬೆಳ್ಳಗಾಗಿ ಹಪ್ಪಳದ ಹಾಗೆ ಏಳುತ್ತದೆ.

ಸ್ಪ್ಯಾನರ್‌ಶೆಟ್ಟಿ

ಒಂದು ಡೌಟು. ಮನೆಯಲ್ಲಿ ಆಂಗಲ್ ಗ್ರೈಂಡರ್ ಇದೆ. ಅದಕ್ಕೇ ಸ್ಪಂಜ್ ಪ್ಯಾಡ್ ಸಿಗುತ್ತದಲ್ಲ, ಹಾಕಿಕೊಂಡರೆ ಆಗಲ್ವಾ? ಸುಮ್ನೆ ಇನ್ನೊಂದು ಮಷಿನ್ ಯಾಕೆ?

ಟಿಂಕರ್ಮಾವ

ಬೇಡಪ್ಪ. ಸಣ್ಣ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಪಾಲಿಶ್ ಮಾಡುವ ರೋಟರಿ 600ರಿಂದ 3,000ದ ಒಳಗೆ. ಗ್ರೈಂಡರ್ ಹಿಡಿದರೆ ಕಣ್ಣು ಮಿಟುಕಿಸುವುದರೊಳಗೆ ಪ್ರೈಮರ್ ಕಾಣುತ್ತದೆ. ಗೇಟಿನ ವೆಲ್ಡಿಂಗ್ ಉಜ್ಜಲು ಇಟ್ಟುಕೊಳ್ಳಿ.

ಕಪ್ಪುಕುದುರೆ

ಮಾವ, ನನ್ನದು ಡಿಎ. 15 ಮಿಮೀ, ಪ್ಯಾಡ್ ಅಂಟಿಸುವ ಐದು ಇಂಚಿನ ಪ್ಲೇಟ್. ಎರಡು ಮಧ್ಯಮ ಪ್ಯಾಡ್, ಎರಡು ಮೆತ್ತನೆ ಪ್ಯಾಡ್, ಒಂದು ಕಾಂಪೌಂಡ್, ಒಂದು ಫಿನಿಶಿಂಗ್ ಪಾಲಿಶ್. 15 ಮಿಮೀ ಅಂದರೆ ಏನು ಅಂತ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ, ಅಂಗಡಿಯವನು ಹೇಳಿದ, ತಗೊಂಡೆ.

ಡೀಸೆಲ್‌ಮಲ್ಲಿಗೆ (ಮೈಸೂರು)

ಬದುಕಿದಿರಿ. ರೋಟರಿ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ, ರಾಗಿಕಲ್ಲಿನ ಹಾಗೆ. ಡಿಎ ತಿರುಗುತ್ತಾ ತಿರುಗುತ್ತಾ ಪಕ್ಕಕ್ಕೂ ಓಲಾಡುತ್ತದೆ. ಆ ಓಲಾಟ ಎಷ್ಟು ಅಗಲ ಅನ್ನುವುದೇ 8, 15, 21 ಮಿಮೀ ಲೆಕ್ಕ. ಜಾಸ್ತಿ ಒತ್ತಿದರೆ ಅಥವಾ ಅಂಚಿಗೆ ಸಿಕ್ಕಿದರೆ ಡಿಎ ತಿರುಗುವುದನ್ನು ನಿಲ್ಲಿಸಿ ಸುಮ್ಮನೆ ನಡುಗುತ್ತದೆ. ಕಲಿಯುವವರಿಗೆ ಅದೇ ರಕ್ಷೆ. ರೋಟರಿ ನಿಲ್ಲುವುದಿಲ್ಲ, ಬಣ್ಣ ಸುಟ್ಟ ಮೇಲೂ ತಿರುಗುತ್ತಲೇ ಇರುತ್ತದೆ.

ನಾನು ಮನೆಯ ಮೂರು ಗಾಡಿಗೆ ಮಾಡಿದ್ದೇನೆ. ಅಪ್ಪನ ಬಿಳಿ ವ್ಯಾನು ಮೊದಲು, ತಪ್ಪಾದರೂ ಕಾಣಲ್ಲ ಅಂತ. ಕಪ್ಪಿನಿಂದ ಶುರು ಮಾಡುತ್ತಿರುವ ನಿಮ್ಮ ಧೈರ್ಯಕ್ಕೆ ಒಂದು ನಮಸ್ಕಾರ. ಆಗುವುದಾದರೆ ಶಿವಾಜಿನಗರದ ಗುಜರಿಗೆ ಹೋಗಿ ಒಂದು ಹಳೇ ಬಾನೆಟ್ಟೋ ಬಾಗಿಲೋ ತನ್ನಿ. ಒಂದು ಸಂಜೆ ಅದರ ಮೇಲೆ ಕೈ ಪಳಗಿಸಿ.

ಇನ್ನೊಂದು ಕೆಲಸ. ಮನೆಯಲ್ಲಿ ತೂಕ ನೋಡುವ ಮಷಿನ್ ಇದ್ದರೆ ನೆಲದ ಮೇಲಿಟ್ಟು, ಪಾಲಿಶರ್ ಆಫ್ ಮಾಡಿ ಅದರ ಮೇಲೆ ಒತ್ತಿ ನೋಡಿ. ನಾಲ್ಕೈದು ಕೆಜಿ ಅಂದರೆ ಎಷ್ಟು ಒತ್ತಡ ಅಂತ ಕೈಗೆ ಗೊತ್ತಾಗಲಿ. ನಾನು ಮೊದಲ ದಿನ ಎರಡು ಪಟ್ಟು ಒತ್ತುತ್ತಿದ್ದೆ. ಪ್ಯಾಡ್ ತಿರುಗದೆ ಸುಮ್ಮನೆ ಬಿಸಿಯಾಗುತ್ತಿತ್ತು. ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತಿರುಗುವುದು ಕಂಡರೆ ಕೆಲಸ ನಡೆಯುತ್ತಿದೆ. ನಿಂತಿದ್ದರೆ ಕೈ ಸಡಿಲ ಮಾಡಿ.

ಅದಿರುಧೂಳು (ಹೊಸಪೇಟೆ)

ಎಲ್ಲಾರೂ ಮಷಿನ್ ಬಗ್ಗೆನೇ ಮಾತಾಡಾಕತ್ತೀರಿ, ತೊಳೆಯೋದರ ಬಗ್ಗೆ ಯಾರೂ ಹೇಳವಲ್ಲರಿ. ಅರ್ಧ ಕೆಲಸ ಅಲ್ಲೇ ಐತ್ರೀ.

ನಮ್ಮ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಬಿಳಿ ಕಾರು ಅನ್ನುವುದೇ ಇಲ್ಲ, ಎಲ್ಲ ಇಟ್ಟಿಗೆ ಬಣ್ಣ. ತೊಳೆದರೂ ಕೈಗೆ ಮರಳು ಮರಳು. ಒಂದು ಸಲ ಐರನ್ ರಿಮೂವರ್ ಸಿಂಪಡಿಸಿದೆ. ಎರಡು ನಿಮಿಷಕ್ಕೆ ಬಾಗಿಲಿನಿಂದ ನೇರಳೆ ಬಣ್ಣದ ನೀರು ಇಳಿಯತೊಡಗಿತು, ಕಾರು ನೇರಳೆಹಣ್ಣು ತಿಂದು ಉಗುಳಿದ ಹಾಗೆ. ಕಬ್ಬಿಣದ ಕಣ ಇದ್ದಲ್ಲೆಲ್ಲ ಅದು ನೇರಳೆಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ಅದಿರು ಇಲ್ಲದಿದ್ದರೂ ಬ್ರೇಕಿನ ಧೂಳು ಇದ್ದೇ ಇರುತ್ತದೆ. ಚಕ್ರದ ಹತ್ತಿರ ಹೊಡೆದು ನೋಡಿ. ವಾಸನೆ ಕೊಳೆತ ಮೊಟ್ಟೆಯದು, ಬೇಸ್‌ಮೆಂಟ್ ಆದರೆ ನೆರೆಯವರಿಗೆ ಮೊದಲೇ ಹೇಳಿಬಿಡಿ. ಒಣಗಲು ಬಿಡಬೇಡಿ.

ಆಮೇಲೆ ಕ್ಲೇ, ಮೆತ್ತನೆ ಜೇಡಿಮಣ್ಣಿನಂಥ ಉಂಡೆ. ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ತೊಳೆದ ಬಾನೆಟ್ ಮೇಲೆ ಸವರಿ. ಬರಿಗೈಗೆ ನಯ ಅನ್ನಿಸಿದ್ದು ಕವರಿನಲ್ಲಿ ಜೋಳದ ರವೆಯ ಹಾಗೆ ತಾಗುತ್ತದೆ. ಕ್ಲೇ ಅದನ್ನೆಲ್ಲ ಎತ್ತುತ್ತದೆ. ಶಾಂಪೂ ನೀರು ಧಾರಾಳವಾಗಿ ಹಾಕಿ, ಮೆಲ್ಲಗೆ ಸರಿಸಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ನಾನು ಜಿಪುಣತನ ಮಾಡಿ, ಬಿದ್ದಿದ್ದನ್ನು ತೊಳೆದು ಮತ್ತೆ ಹಚ್ಚಿ, ಹಿಂದಿನ ಬಾಗಿಲಿಗೆ ನಾಲ್ಕು ಗೀರು ಸಂಪಾದಿಸಿದೆ.

ಕಡಲಮಳೆ (ಮಂಗಳೂರು)

ನೀರಿನ ಕಲೆ ಇದ್ದರೆ ಅದನ್ನೂ ಹೇಳಿ ಮಾರಾಯ್ರೆ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದರೆ ಬೆಳ್ಳಗಿನ ಉಂಗುರ ಕೂತಿರುತ್ತದೆ, ಸುಣ್ಣದ ಅಂಶ. ಹೊಸದಾದರೆ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ ತೊಳೆದರೆ ಹೋಗುತ್ತದೆ. ಹಳೆಯದಾಗಿ ಕ್ಲಿಯರ್ ತಿಂದಿದ್ದರೆ ಪಾಲಿಶೇ ಗತಿ. ಕಾಗೆ ಪಾರಿವಾಳದ ಹಿಕ್ಕೆಯೂ ಹಾಗೆಯೇ, ಎರಡು ದಿನ ಬಿಟ್ಟರೆ ಅಚ್ಚು ಹೊಡೆದ ಹಾಗೆ.

ಲಾಭನಷ್ಟ

ಅಡ್ಡ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇಷ್ಟೆಲ್ಲ ರಗಳೆ ಯಾಕೆ? ಮೇಲೆ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಆಯಿತು. ಗೀರೂ ಮುಚ್ಚುತ್ತದೆ, ಮುಂದೆ ಗೀರೂ ಬೀಳಲ್ಲ. ನನ್ನ ಗೆಳೆಯ ಮಾಡಿಸಿದ್ದಾನೆ, ಎರಡು ವರ್ಷದಿಂದ ಆರಾಮಾಗಿದ್ದಾನೆ.

ಡೀಸೆಲ್‌ಮಲ್ಲಿಗೆ

ಇಲ್ಲ ಸರ್. ಕೋಟಿಂಗ್ ಅನ್ನುವುದು ಗಾಜಿನ ಹಾಗೆ ಪಾರದರ್ಶಕ. ಕೆಳಗೆ ಗೀರಿದ್ದರೆ ಗೀರಿಗೇ ಚೌಕಟ್ಟು ಹಾಕಿದ ಹಾಗೆ ಆಗುತ್ತದೆ. ನಿಮ್ಮ ಗೆಳೆಯರಿಗೆ ಮೊದಲು ಪಾಲಿಶ್ ಮಾಡಿಯೇ ಕೋಟಿಂಗ್ ಹಾಕಿರುತ್ತಾರೆ. ಬಿಲ್ ನೋಡಿ, ದುಡ್ಡಿನ ದೊಡ್ಡ ಪಾಲು ಆ ಕೂಲಿಯದ್ದೇ ಇರಬಹುದು. ಇನ್ನು ಗೀರು ಬೀಳಲ್ಲ ಅನ್ನುವುದು ಮಾರುವವರ ಮಾತು. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಅದು ನಿಜ. ಆದರೆ ಮರಳಿರುವ ಬಟ್ಟೆ ಉಜ್ಜಿದರೆ ಕೋಟಿಂಗೂ ಗೀಚುತ್ತದೆ.

ಲಾಭನಷ್ಟ

ಹಾಗಾದರೆ ನನ್ನ ಗೆಳೆಯ ಮೂರ್ಖನಾ?

ಡೀಸೆಲ್‌ಮಲ್ಲಿಗೆ

ಅಯ್ಯೋ, ಹಾಗಂದೆನಾ? ಅವರ ಕಾರು ಚೆನ್ನಾಗಿರಲಿ. ನಾನು ಹೇಳಿದ್ದು ಯಾವುದು ಮೊದಲು, ಯಾವುದು ಆಮೇಲೆ ಅಂತ ಅಷ್ಟೇ.

ಕಪ್ಪುಕುದುರೆ

ಶನಿವಾರದ ವರದಿ.

ಬೆಳಿಗ್ಗೆ ತೊಳೆದೆ, ಎರಡು ಬಕೆಟ್ ಇಟ್ಟುಕೊಂಡು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಕೈಗವಸು ಜಾಲಾಡಲು. ಕೊನೆಗೆ ಬರೀ ನೀರಿನ ಬಕೆಟ್ಟಿನ ತಳದಲ್ಲಿ ಕೂತ ಮಣ್ಣು ನೋಡಿ ಎದೆ ಝಲ್ಲಂದಿತು. ಇಷ್ಟು ದಿನ ಇದನ್ನೇ ನಾವು ಕಾರಿಗೆ ಉಜ್ಜಿಸುತ್ತಿದ್ದದ್ದು. ಅದಿರುಧೂಳು ಅವರು ಹೇಳಿದ ನೇರಳೆ ನೀರೂ ಬಂತು, ಹಿಂದಿನ ಚಕ್ರದ ಮೇಲೆ ಜಾಸ್ತಿ. ನಾವು ನಿಲ್ಲಿಸುವುದು ಹೊಂಗೆಮರದ ಕೆಳಗೆ, ಹಾಗಾಗಿ ಟಾಪ್ ಮೇಲೆ ಅಂಟಂಟು ಚುಕ್ಕೆ ತುಂಬಾ. ಕ್ಲೇಗೇ ಎರಡು ಗಂಟೆ ಹೋಯಿತು.

ಮಧ್ಯಾಹ್ನ ಬೇಸ್‌ಮೆಂಟಿಗೆ ಇಳಿಸಿದೆ. ಅಲ್ಲಿ ಒಂದು ಪ್ರಹಸನ. ಕಾಮನ್ ಕರೆಂಟು ಯಾಕೆ ಬಳಸುತ್ತೀರಿ ಅಂತ ಅಸೋಸಿಯೇಷನ್ ಸೆಕ್ರೆಟರಿ ಬಂದರು. 900 ವ್ಯಾಟ್ ಮಷಿನ್, ನಾಲ್ಕು ಗಂಟೆ ಓಡಿಸಿದರೂ ನಾಲ್ಕು ಯೂನಿಟ್ ಆಗಲ್ಲ ಸರ್ ಅಂತ ಲೆಕ್ಕ ಹೇಳಿ ಐವತ್ತು ರೂಪಾಯಿ ಕೊಡಲು ಹೋದೆ. ದುಡ್ಡು ಬೇಡ, ನನ್ನ ಕಾರಿಗೂ ಒಂದು ಕೈ ನೋಡಿ ಅಂದರು. ಅಲ್ಲೇ ನಿಂತುಕೊಂಡರು ಕೂಡಾ. ಕೈ ನಡುಗುವವನ ಪಕ್ಕದಲ್ಲಿ ಪ್ರೇಕ್ಷಕರು ಬೇರೆ!

ಬಾನೆಟ್ ಮೇಲೆ ಒಂದೂವರೆ ಅಡಿ ಚೌಕ ಟೇಪ್ ಹಾಕಿದೆ. ಮೊದಲು ಮೆತ್ತನೆ ಪ್ಯಾಡ್, ಫಿನಿಶಿಂಗ್ ಪಾಲಿಶ್. ಒರೆಸಿ ಮೊಬೈಲ್ ಟಾರ್ಚ್ ಬಿಟ್ಟರೆ ಹೊಳಪು ಬಂದಿದೆ, ಗೀರು ಅರ್ಧಕ್ಕರ್ಧ ಹಾಗೇ ಇದೆ. ಮುಂದೆ ಏನು ಮಾಡಲಿ? ಸೀದಾ ಕಾಂಪೌಂಡ್‌ಗೆ ಹೋಗಲಾ?

ಟಿಂಕರ್ಮಾವ

ಪ್ಯಾಡ್ ಬದಲಾಯಿಸಿ, ಪಾಲಿಶ್ ಅದೇ ಇರಲಿ. ಮಧ್ಯಮ ಪ್ಯಾಡಿಗೆ ಅದೇ ಫಿನಿಶಿಂಗ್ ಪಾಲಿಶ್ ಹಾಕಿ ನೋಡಿ. ಆಗಲಿಲ್ಲ ಅಂದರೆ ಮಾತ್ರ ಕಾಂಪೌಂಡ್. ಕಡಿಮೆ ಕೆರೆಯುವುದರಿಂದ ಮೇಲಕ್ಕೆ ಹೋಗಬೇಕು, ಮೇಲಿನಿಂದ ಕೆಳಕ್ಕೆ ಇಳಿಯಬಾರದು. ಎಲ್ಲಿ ಸಾಕು ಅನ್ನಿಸುತ್ತದೋ ಅದೇ ನಿಮ್ಮ ಕಾರಿನ ಔಷಧಿ. ಇಡೀ ಗಾಡಿಗೆ ಅದನ್ನೇ ಹಚ್ಚಿ.

ಒಬ್ಬೊಬ್ಬರ ಬಣ್ಣ ಒಂದೊಂದು ಥರ. ಕೆಲವು ಕಂಪನಿಯ ಕ್ಲಿಯರ್ ಬೆಣ್ಣೆ, ಕೆಲವರದ್ದು ಕಲ್ಲು. ಪಕ್ಕದ ಮನೆಯವರು ಬಳಸಿದ್ದು ನಿಮಗೆ ಆಗಬೇಕು ಅಂತಿಲ್ಲ.

ಡೀಸೆಲ್‌ಮಲ್ಲಿಗೆ

ಟೆಸ್ಟ್ ಜಾಗದಲ್ಲಿ ಟಾರ್ಚ್ ಬಿಡುವ ಮೊದಲು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿದಿರಾ? ಒಂದು ಪಾಲಿಗೆ ನಾಲ್ಕು ಪಾಲು ನೀರು. ಇಲ್ಲದಿದ್ದರೆ ಪಾಲಿಶಿನ ಎಣ್ಣೆ ಗೀರು ಮುಚ್ಚಿ ಸುಳ್ಳು ಹೇಳುತ್ತದೆ. ನಿಮ್ಮ ವಾಟರ್ ಸರ್ವಿಸ್‌ನ ಕಥೆಯೇ ಮತ್ತೆ.

ನಾನು ಮಾಡುವ ರೀತಿ ಬರೆಯುತ್ತೇನೆ. ಹೊಸ ಪ್ಯಾಡ್ ಆದರೆ ಮುಖಕ್ಕೆಲ್ಲ ತೆಳುವಾಗಿ ಪಾಲಿಶ್ ಸವರಿಕೊಳ್ಳುತ್ತೇನೆ. ಆಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಹನಿ, ಅಷ್ಟೇ. ಮಷಿನ್ ಆಫ್ ಇರುವಾಗಲೇ ಪ್ಯಾಡ್ ಒತ್ತಿ ಅಲ್ಲಲ್ಲಿ ಹಚ್ಚಿ, ಆಮೇಲೆ ಒಂದನೇ ಸ್ಪೀಡಿನಲ್ಲಿ ಹರಡುವುದು. ಗಾಳಿಯಲ್ಲಿ ಆನ್ ಮಾಡಿದರೆ ಪಾಲಿಶ್ ಗೋಡೆಗೂ, ಪಕ್ಕದ ಕಾರಿಗೂ, ನಿಮ್ಮ ಸೆಕ್ರೆಟರಿಯ ಅಂಗಿಗೂ. ಹರಡಿದ ಮೇಲೆ ನಾಲ್ಕು ಅಥವಾ ಐದಕ್ಕೆ ಏರಿಸಿ. ಕೈ ನಿಧಾನ, ಸೆಕೆಂಡಿಗೆ ಒಂದು ಇಂಚು. ನಮಗೆ ಬೇಜಾರು ಬರುವಷ್ಟು ನಿಧಾನ. ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ತುಳಿದು ಹೋಗಬೇಕು, ನೆಲ ಸಾರಿಸುವಾಗ ಮಾಡುತ್ತೇವಲ್ಲ ಹಾಗೆ. ನಾಲ್ಕೈದು ಸಲ ಸಾಕು. ಪ್ಯಾಡ್ ಚಪ್ಪಟೆಯಾಗಿಯೇ ಕೂತಿರಬೇಕು, ಅಂಚಿನ ಮೇಲೆ ನಿಲ್ಲಿಸಬಾರದು.

ವೈರ್ ಹೆಗಲ ಮೇಲೆ ಹಾಕಿಕೊಳ್ಳಿ, ಬಾನೆಟ್ ಮೇಲೆ ಎಳೆದಾಡಬೇಡಿ. ಬೆಲ್ಟಿನ ಬಕಲ್, ಉಂಗುರ, ವಾಚು ತೆಗೆದಿಡಿ. ನಾನು ಬಳೆ ಬಿಚ್ಚಿಟ್ಟೇ ಶುರು ಮಾಡುವುದು. ಮೈಕ್ರೋಫೈಬರ್ ಬಟ್ಟೆಯ ಮೂಲೆಯಲ್ಲಿ ಹೊಲಿದ ಲೇಬಲ್ ಇರುತ್ತದೆ, ಅದನ್ನೂ ಕತ್ತರಿಸಿ. ಅದೇ ಗೀಚುತ್ತದೆ.

ಶಾರ್ಜಾಕನ್ನಡಿಗ

ಬೇಸ್‌ಮೆಂಟ್ ಇರುವುದು ನಿಮ್ಮ ಪುಣ್ಯ. ಇಲ್ಲಿ ಬೇಸಿಗೆಯಲ್ಲಿ ಹಗಲು ಬಾನೆಟ್ ಮುಟ್ಟಿದರೆ ದೋಸೆ ಹೆಂಚು. ಪಾಲಿಶ್ ಹಾಕಿದ ಕೂಡಲೇ ಒಣಗಿ ಹಿಟ್ಟಾಗುತ್ತದೆ. ನಾನು ರಾತ್ರಿ ಹನ್ನೊಂದರ ಮೇಲೆ ಶುರು ಮಾಡಿ ಫಜ್ರ್ ನಮಾಜಿನ ಹೊತ್ತಿಗೆ ಮುಗಿಸುತ್ತೇನೆ. ಮರಳು ಬೇರೆ ಹಾರುತ್ತಿರುತ್ತದೆ, ಪ್ರತಿ ಚೌಕಕ್ಕೂ ಮೊದಲು ಒಮ್ಮೆ ಒದ್ದೆ ಬಟ್ಟೆ ಆಡಿಸಲೇಬೇಕು.

ಕಪ್ಪುಕುದುರೆ

ಟೆಸ್ಟ್ ಮುಗಿಯಿತು. ಮಧ್ಯಮ ಪ್ಯಾಡಿಗೆ ಫಿನಿಶಿಂಗ್ ಪಾಲಿಶ್ ಹಾಕಿದರೆ ಮುಕ್ಕಾಲು ಪಾಲು ಗೀರು ಹೋಯಿತು. ಅದೇ ಪ್ಯಾಡಿಗೆ ಕಾಂಪೌಂಡ್ ಹಾಕಿ, ಆಮೇಲೆ ಮೆತ್ತನೆ ಪ್ಯಾಡಿನಲ್ಲಿ ಮುಗಿಸಿದರೆ ನೂರಕ್ಕೆ ತೊಂಬತ್ತು. ಟೇಪ್ ಎಳೆದಾಗ ಗೆರೆ ಕೊರೆದ ಹಾಗೆ: ಈ ಕಡೆ ಕನ್ನಡಿ, ಆ ಕಡೆ ಹಳೇ ತಟ್ಟೆ. ಸೆಕ್ರೆಟರಿ ಬಾಯಿಂದ ಮಾತೇ ಹೊರಡಲಿಲ್ಲ. ನನಗೂ.

ಡ್ರೈವರ್ ಬಾಗಿಲಿನ ಹಿಡಿಯ ಹತ್ತಿರ ಒಂದು ಉದ್ದ ಗೀರಿದೆ, ಯಾವುದೋ ಬೈಕಿನವರು ಕೊಟ್ಟ ಪ್ರಸಾದ. ಅದು ಒಂದಿಷ್ಟೂ ಕದಲಿಲ್ಲ. ನಾಳೆ ಕಾಂಪೌಂಡ್‌ನಲ್ಲಿ ಇನ್ನೂ ಹತ್ತು ಸಲ ಉಜ್ಜಿದರೆ?

ಟಿಂಕರ್ಮಾವ

ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಬಿಟ್ಟುಬಿಡಿ. ಅದರ ತಳ ಮುಟ್ಟುವಷ್ಟು ಕೆರೆದರೆ ಅಲ್ಲಿ ಕ್ಲಿಯರ್ ಉಳಿಯಲ್ಲ. ಅಂಚು ಸ್ವಲ್ಪ ದುಂಡಗಾದರೆ ಸಾಕು, ಬೆಳಕಿಗೆ ಕಡಿಮೆ ಕಾಣುತ್ತದೆ. ಬಾಗಿಲ ಹಿಡಿಯ ಸುತ್ತ, ಮಡಿಕೆ ಗೆರೆಗಳ ಮೇಲೆ, ಬಾನೆಟ್ಟಿನ ಅಂಚಿನಲ್ಲಿ ಕ್ಲಿಯರ್ ಮೊದಲೇ ತೆಳು. ಟೇಪ್ ಅಂಟಿಸಿಬಿಡಿ, ಆಸೆ ಹುಟ್ಟದಿರಲಿ. ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗಿಗೂ ಟೇಪ್ ಹಾಕಿ. ಪಾಲಿಶ್ ತಾಗಿ ಒಣಗಿದರೆ ಬೆಳ್ಳಗೆ ಕೂತುಬಿಡುತ್ತದೆ.

ಮತ್ತೆ, ಗಾಡಿಗೆ ಎಲ್ಲಾದರೂ ರೀಪೇಂಟ್ ಆಗಿದೆಯಾ?

ಕಪ್ಪುಕುದುರೆ

ಇಲ್ಲ ಮಾವ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆದರೆ ಮೊದಲ ಓನರ್ ಒಂದೂ ತಾಗಿಸಿಲ್ಲ ಅಂದಿದ್ದರು.

ಟಿಂಕರ್ಮಾವ

ಎಲ್ಲ ಮೊದಲ ಓನರ್‌ಗಳೂ ಹಾಗೇ ಅನ್ನುತ್ತಾರೆ.

ಕಪ್ಪುಕುದುರೆ

ಭಾನುವಾರ ರಾತ್ರಿ. ಸಮಾಚಾರ ಅರ್ಧ ಒಳ್ಳೆಯದು.

ಬಾನೆಟ್, ಟಾಪ್, ಡಿಕ್ಕಿ, ಎಡಗಡೆ ಬಾಗಿಲು ಎರಡು, ಇಷ್ಟಾಯಿತು. ಮೊದಲ ಚೌಕಕ್ಕೆ ಇಪ್ಪತ್ತು ನಿಮಿಷ, ಆಮೇಲೆ ಹತ್ತಕ್ಕೆ ಇಳಿಯಿತು. ನಡುವೆ ಪಾಲಿಶ್ ಏಕೋ ಹಿಟ್ಟು ಹಿಟ್ಟಾಗಿ ಉದುರತೊಡಗಿತು. ನೋಡಿದರೆ ಪ್ಯಾಡ್ ತುಂಬಾ ಕೆರೆದ ಕ್ಲಿಯರ್, ಒಣಗಿದ ಪಾಲಿಶ್. ಪ್ರತಿ ಚೌಕ ಆದಮೇಲೂ ಬ್ರಶ್ ಹಾಕಿ ಉಜ್ಜಿಕೊಂಡ ಮೇಲೆ ಸರಿಹೋಯಿತು. ಇದನ್ನು ಯಾರೂ ಹೇಳಲಿಲ್ಲವಲ್ಲ!

ಈಗ ಕೆಟ್ಟದ್ದು. ಮುಂದಿನ ಬಂಪರ್ ಎಡ ಮೂಲೆ. ಎರಡನೇ ಸಲ ಹೋಗುವಾಗ ಪ್ಯಾಡ್ ಎತ್ತಿ ನೋಡಿದೆ. ಪ್ಯಾಡ್ ಕಪ್ಪಗಾಗಿದೆ. ಬಾನೆಟ್ಟಿಗೆ ಅಷ್ಟು ಹೊತ್ತು ಮಾಡಿದರೂ ಪ್ಯಾಡ್ ಬೆಳ್ಳಗೇ ಇತ್ತು. ಒರೆಸಿದರೆ ಬಂಪರ್ ಮೂಲೆಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಮಂಕು, ಹೊಳಪೇ ಇಲ್ಲ. ಕೈ ಕಾಲು ತಣ್ಣಗಾಯಿತು. ಮಷಿನ್ ಆಫ್ ಮಾಡಿ ಮೇಲೆ ಬಂದು ಕೂತಿದ್ದೇನೆ. ಊಟ ಸೇರುತ್ತಿಲ್ಲ.

ಸ್ಪ್ಯಾನರ್‌ಶೆಟ್ಟಿ

ವ್ಯಾಕ್ಸ್ ಹಚ್ಚಿ ಗುರು, ಕಾಣಲ್ಲ.

ಲಾಭನಷ್ಟ

ನಾನು ಮೊದಲೇ ಹೇಳಿದ್ದೆ.

ಟಿಂಕರ್ಮಾವ

ಮೊದಲು ಊಟ ಮಾಡಿ. ಬಂಪರ್ ತಾನೇ, ತಗಡಲ್ಲ, ತುಕ್ಕು ಹಿಡಿಯಲ್ಲ.

ಕ್ಲಿಯರ್ ಇರುವ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಬರಬಾರದು. ಬಂದರೆ ಎರಡೇ ಅರ್ಥ. ಒಂದೋ ಅದು ಕ್ಲಿಯರ್ ಇಲ್ಲದ ಒಂದೇ ಪದರದ ಬಣ್ಣ, ಹಳೇ ಕಾಲದ ಗಾಡಿಗಳಿಗೆ ಇರುತ್ತಿತ್ತಲ್ಲ ಹಾಗೆ. ಇಲ್ಲವೋ ಕ್ಲಿಯರ್ ದಾಟಿ ಕೆಳಗೆ ಹೋಗಿದ್ದೀರಿ. ನಿಮ್ಮ ಬಾನೆಟ್ಟಿಗೆ ಬಣ್ಣ ಬರಲಿಲ್ಲ, ಬಂಪರಿಗೆ ಎರಡೇ ಸಲಕ್ಕೆ ಬಂತು. ಹಾಗಾಗಿ ನನ್ನ ಅಂದಾಜು: ಬಂಪರಿಗೆ ಹೊರಗೆಲ್ಲೋ ಪೇಂಟ್ ಆಗಿದೆ, ಮೂಲೆಯಲ್ಲಿ ಕ್ಲಿಯರ್ ಸರಿಯಾಗಿ ಹೊಡೆದಿಲ್ಲ. ನಂಬರ್ ಪ್ಲೇಟಿನ ಹಿಂದೆ, ಚಕ್ರದ ಅಂಚಿನ ಒಳಗೆ ನೋಡಿ. ಟೇಪಿನ ಗೆರೆ ಅಥವಾ ಸ್ಪ್ರೇ ಧೂಳು ಸಿಗುತ್ತದೆ.

ಜೊತೆಗೆ ಪ್ಲಾಸ್ಟಿಕ್ ಶಾಖವನ್ನು ಹರಡಲ್ಲ. ತಗಡು ಬಿಸಿಯನ್ನು ಸುತ್ತಲೂ ಹಂಚಿಬಿಡುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಅದು ಒಂದೇ ಕಡೆ ಕೂರುತ್ತದೆ. ಬಂಪರಿಗೆ ಸ್ಪೀಡೂ ಕಡಿಮೆ, ಒತ್ತಡವೂ ಕಡಿಮೆ ಅಂತ ನಾನು ಮೊದಲೇ ಹೇಳಬೇಕಿತ್ತು. ತಪ್ಪು ನನ್ನದೂ ಇದೆ.

ವ್ಯಾಕ್ಸ್ ಹಚ್ಚಿದರೆ ಒಂದು ವಾರ ಮುಚ್ಚಬಹುದು, ಹೋದ ಕ್ಲಿಯರ್ ಬರಲ್ಲ. ಪುನಃ ಅಲ್ಲಿ ಕೈ ಹಾಕಬೇಡಿ. ಇನ್ನೊಂದು ಸಲ ಬಂಪರ್ ಎಲ್ಲಾದರೂ ತಾಗಿಸಿಕೊಂಡಾಗ ಪೂರ್ತಿ ಪೇಂಟ್ ಮಾಡಿಸಿ. ನಮ್ಮ ಊರಿನ ರಸ್ತೆಯಲ್ಲಿ ಅದಕ್ಕೆ ಜಾಸ್ತಿ ದಿನ ಕಾಯಬೇಕಿಲ್ಲ.

ಅದಿರುಧೂಳು

ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಇದ್ದಿದ್ದರೆ ಗೊತ್ತಾಗುತ್ತಿತ್ತು ಅನ್ನಬೇಡಿ ಮತ್ತೆ. ಸಾಮಾನ್ಯ ಗೇಜ್ ತಗಡಿನ ಮೇಲೆ, ಅಲ್ಯುಮಿನಿಯಂ ಮೇಲೆ ಮಾತ್ರ ಓದುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಅದು ಕುರುಡು. ಉಳಿದ ಬಾಗಿಲುಗಳಿಗೆ ಮಾತ್ರ ಯಾರ ಹತ್ತಿರವಾದರೂ ಕೇಳಿ ಒಮ್ಮೆ ಇಟ್ಟು ನೋಡಿ. ಒಂದು ಬಾಗಿಲು 110, ಪಕ್ಕದ್ದು 260 ತೋರಿಸಿದರೆ ರೀಪೇಂಟ್. ಸಾವಿರದ ಹತ್ತಿರ ಹೋದರೆ ಪುಟ್ಟಿ ತುಂಬ್ಯಾರ ಅಂತ ತಿಳಿರಿ.

ಕಪ್ಪುಕುದುರೆ

ಮಾವ, ನಂಬರ್ ಪ್ಲೇಟ್ ಬಿಚ್ಚಿದೆ. ಹಿಂದೆ ಬಣ್ಣದ ಧೂಳು ಚಿಮ್ಮಿದ ಗುರುತು, ಟೇಪಿನ ಗೆರೆ ಎರಡೂ ಇವೆ. ನಾಲ್ಕು ವರ್ಷದಿಂದ ಈ ಗಾಡಿ ಓಡಿಸುತ್ತಿದ್ದೇನೆ, ಇವತ್ತು ಗೊತ್ತಾಯಿತು. ಮೊದಲ ಓನರ್‌ಗೆ ಫೋನ್ ಮಾಡೋಣ ಅಂತ ಕೈ ಬಂತು, ಆಮೇಲೆ ನಗು ಬಂತು.

ಗೇಜ್ ಸಿಕ್ಕಿತು, ಆಫೀಸಿನ ಗೆಳೆಯನ ತಮ್ಮ ಸೆಕೆಂಡ್ ಹ್ಯಾಂಡ್ ಕಾರು ವ್ಯಾಪಾರ ಮಾಡುತ್ತಾನೆ. ಬಾನೆಟ್ 112, ಟಾಪ್ 118, ಬಾಗಿಲುಗಳು 105ರಿಂದ 120. ಬಲಗಡೆ ಹಿಂದಿನ ಬಾಗಿಲು ಮಾತ್ರ 245. ಅಲ್ಲಿಗೂ ಕಥೆ ಇದೆ ಅಂತಾಯಿತು. ಆ ಬಾಗಿಲಿಗೆ ಮೆತ್ತನೆ ಪ್ಯಾಡ್ ಬಿಟ್ಟು ಬೇರೇನೂ ಹಾಕಲಿಲ್ಲ.

ಮುಂದಿನ ಶನಿವಾರ ಉಳಿದದ್ದು ಮುಗಿಸಿದೆ. ಒಟ್ಟು ಹದಿನಾಲ್ಕು ಗಂಟೆ, ತೊಳೆದದ್ದು, ಕ್ಲೇ ಎಲ್ಲ ಸೇರಿ. ಕೊನೆಗೆ ಐಪಿಎಯಲ್ಲಿ ಒರೆಸಿ, ಹೊಳಪು ಕಾಪಾಡುವ ಸೀಲಂಟ್ ತೆಳುವಾಗಿ ಹಚ್ಚಿ, ರಾತ್ರಿಯೆಲ್ಲ ಬಿಟ್ಟೆ. ಸೊಂಟ ಇನ್ನೂ ಅದೇ ಆಕಾರದಲ್ಲಿದೆ. ಸೆಕ್ರೆಟರಿ ತಮ್ಮ ಕಾರಿನ ವಿಷಯ ಎರಡು ಸಲ ನೆನಪಿಸಿದ್ದಾರೆ. ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಓಡಾಡುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಹೊರಗೆ ತಂದೆ. ಬಿಸಿಲು ಬಿತ್ತು. ಜೇಡರ ಬಲೆ ಇಲ್ಲ. ಹೊಂಗೆಮರದ ಎಲೆಗಳು ಬಾನೆಟ್ಟಿನಲ್ಲಿ ಒಂದೊಂದಾಗಿ ಕಾಣುತ್ತಿದ್ದವು. ಹತ್ತಿರ ಹೋಗಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಗೀರು ಇದೆ, ಬೈಕಿನವರ ಪ್ರಸಾದವೂ ಇದೆ. ಮತ್ತೆ ಮಷಿನ್ ತೆಗೆಯೋಣ ಅನ್ನಿಸಿತು. ತೆಗೆಯಲಿಲ್ಲ.

ಕಡಲಮಳೆ

ಫೋಟೋ ನೋಡಿದೆ, ಭಾರೀ ಲಾಯ್ಕಾಗಿದೆ. ಆದರೆ ನಾಳೆ ಬೆಳಿಗ್ಗೆ ಐದೂವರೆಗೆ ಆ ಹುಡುಗ ಬರುತ್ತಾನಲ್ಲ, ಅದಕ್ಕೇನು ಮಾಡುತ್ತೀರಿ?

ಕಪ್ಪುಕುದುರೆ

ಅದನ್ನೇ ಯೋಚಿಸಿ ನಿದ್ದೆ ಬಿಟ್ಟಿದ್ದೆ. ಬೇಡ ಅಂದರೆ ಅವನ ಸಂಪಾದನೆ ಹೋಗುತ್ತದೆ. ಅದಕ್ಕೆ ಅವನ ಜೊತೆ ಕೂತು ಮಾತಾಡಿದೆ. ದಿನಾ ಒರೆಸುವುದು ಬೇಡ, ದುಡ್ಡು ಅಷ್ಟೇ ಕೊಡುತ್ತೇನೆ, ವಾರಕ್ಕೆ ಒಂದು ಸಲ ನೀರು ಹಾಕಿ ತೊಳಿ ಅಂದೆ. ಎರಡು ಬಕೆಟ್, ಕೈಗವಸು, ಶಾಂಪೂ, ನಾಲ್ಕು ಟವೆಲ್ ನಮ್ಮದೇ ಬೇರೆ ಇಟ್ಟಿದ್ದೇವೆ. ಟಾರ್ಚ್ ಬಿಟ್ಟು ನಮ್ಮ ಬಾನೆಟ್ಟೂ ಪಕ್ಕದ ಕಾರಿನ ಬಾನೆಟ್ಟೂ ತೋರಿಸಿದೆ. ಸುಮಾರು ಹೊತ್ತು ನೋಡಿದ. "ಇದೆಲ್ಲ ನಾನು ಮಾಡಿದ್ದಾ ಅಣ್ಣ?" ಅಂದ. ಏನು ಹೇಳಲಿ? ನಾವೆಲ್ಲ ಸೇರಿ ಮಾಡಿದ್ದು ಅಂದೆ.

ಡೀಸೆಲ್‌ಮಲ್ಲಿಗೆ

ಒಳ್ಳೆ ಕೆಲಸ ಮಾಡಿದಿರಿ. ಆ ಟವೆಲ್‌ಗಳನ್ನು ಒಗೆಯುವಾಗ ಕಂಫರ್ಟ್ ಥರದ್ದು ಹಾಕಬೇಡಿ, ನೀರು ಹೀರುವುದನ್ನೇ ಬಿಟ್ಟುಬಿಡುತ್ತವೆ. ಮನೆಯ ಬಟ್ಟೆ ಜೊತೆಗೂ ಬೇಡ.

ಕಪ್ಪುಕುದುರೆ

ಕೊನೆಯ ಪ್ರಶ್ನೆ, ಅರ್ಜೆಂಟು. ಇವತ್ತು ಆಯುಧಪೂಜೆ ಆಯಿತು. ನಾನು ಬೂದುಗುಂಬಳಕಾಯಿ ತರಲು ಹೋಗಿ ಬರುವಷ್ಟರಲ್ಲಿ ಅಮ್ಮ ಬಾನೆಟ್ ತುಂಬಾ ವಿಭೂತಿ ಮೂರು ಪಟ್ಟೆ, ನಡುವೆ ಅರಿಶಿನ, ಕುಂಕುಮ, ಮೇಲೆ ಅಕ್ಷತೆ. ಚೆಂಡುಹೂವಿನ ಹಾರವನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದಾರೆ. "ಎಷ್ಟು ಚೆನ್ನಾಗಿ ಹೊಳೀತಿದೆ ನೋಡು, ಕುಂಕುಮ ಹೇಗೆ ಎದ್ದು ಕಾಣುತ್ತದೆ" ಅನ್ನುತ್ತಿದ್ದಾರೆ. ಯಾವಾಗ ತೆಗೆಯಲಿ, ಹೇಗೆ ತೆಗೆಯಲಿ?

ಟಿಂಕರ್ಮಾವ

ಇವತ್ತು ಮುಟ್ಟಬೇಡಿ, ಅಮ್ಮನಿಗೆ ಬೇಜಾರಾಗುತ್ತದೆ. ನಾಳೆ ಬೆಳಿಗ್ಗೆ ಪೈಪ್ ಹಿಡಿದು ಮೊದಲು ಬರೀ ನೀರು ಬಿಡಿ, ಐದು ನಿಮಿಷ ನೆನೆಯಲಿ. ವಿಭೂತಿ, ಅಕ್ಕಿ ತಾವೇ ಇಳಿದುಹೋಗುತ್ತವೆ. ಆಮೇಲೆ ಶಾಂಪೂ, ಕೈಗವಸು. ಒಣಗಿದ ಕುಂಕುಮದ ಮೇಲೆ ಬಟ್ಟೆ ಆಡಿಸಿದಿರೋ, ಮತ್ತೆ ಹದಿನಾಲ್ಕು ಗಂಟೆ. ಟೇಪಿನ ಅಂಟಿಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ತೊಳೆದುಬಿಡಿ.

ಹಾರ ಎಲ್ಲಿಗೆ ಅಂಟಿಸಿದ್ದಾರೆ?

ಕಪ್ಪುಕುದುರೆ

ಬಂಪರಿನ ಎಡ ಮೂಲೆಗೆ. ಆ ಮಂಕು ಜಾಗ ಸರಿಯಾಗಿ ಮುಚ್ಚಿದೆ.

ಟಿಂಕರ್ಮಾವ

ಹಾಗಾದರೆ ಹಾರ ಒಂದು ವಾರ ಇರಲಿ ಬಿಡಿ.